ಅಮೋಘಸಿದ್ದನ ಮೂಗು, ನನ್ನ ಕಾಗದ

ಹೋದ ವರ್ಷದ ತನಕ ರೋಣದಲ್ಲಿ ಯಾರನ್ನು ಕೇಳಿದರೂ ಮೂಗಿನ ಸಿದ್ದನ ಕೋಣೆ ತೋರಿಸುತ್ತಿದ್ದರು. ಊರ ಹೊರಗಿನ ಕಾಳಿನ ಗೋದಾಮು, ಅದರ ಮಗ್ಗುಲಿಗೆ ತಗಡಿನ ಒಂದು ಕೋಣೆ, ಅದರಲ್ಲಿ ಒಬ್ಬನೇ ಇರುವ ಐವತ್ತೈದರ ಉದ್ದ ಮನುಷ್ಯ. ಪೂರ್ತಿ ಹೆಸರು ಅಮೋಘಸಿದ್ದ. ಅವನ ಮೂಗು ನೋಡಲು ಎಲ್ಲರ ಮೂಗಿನಂತೆಯೇ ಇತ್ತು. ಆದರೆ ಸುತ್ತಲಿನ ಊರುಗಳಲ್ಲಿ ಆ ಮೂಗಿಗಿದ್ದ ಮರ್ಯಾದೆ ನನ್ನ ಇಡೀ ದೇಹಕ್ಕೆ ಯಾವತ್ತೂ ಸಿಕ್ಕಿಲ್ಲ.

ನಾನು ಯಾರೆಂದರೆ, ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಬಾಟಲಿ ತೊಳೆದು ನಿವೃತ್ತನಾದವನು. ಒಂದು ದಿನವೂ ಪಾಠ ಮಾಡಿದವನಲ್ಲ, ಆದರೂ ಊರು ಮಾಸ್ತರ ಎನ್ನುತ್ತದೆ, ನಾನೂ ಬೇಡವೆಂದಿಲ್ಲ. ದೆವ್ವ, ದೃಷ್ಟಿ, ಮಂತ್ರಿಸಿದ ನಿಂಬೆಹಣ್ಣು ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಸ್ವಭಾವದಿಂದ ನೆಂಟರ ಮನೆಯ ಎಷ್ಟೋ ಊಟಗಳನ್ನು ಕಳೆದುಕೊಂಡಿದ್ದೇನೆ. ಕಡೆಗೆ ನಾನು ಮಾಡಿದ ಕೆಲಸ ಎಂಥದೆಂದು ತಿಳಿಯಬೇಕಾದರೆ ಇದು ಮೊದಲೇ ಗೊತ್ತಿರಲಿ.

ಗೋದಾಮಿನಲ್ಲಿ ಸಿದ್ದನ ಕೆಲಸ ಕಾಳಿಗೆ ಗುಳಿಗೆ ಇಡುವುದು. ಹೆಸರು, ಕಡಲೆ, ಜೋಳದ ಚೀಲಗಳನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಒಳಗೆ ಗುಳಿಗೆ ಇಟ್ಟರೆ, ಅದರಿಂದ ಏಳುವ ಗಾಳಿಗೆ ಹುಳ ಸಾಯುತ್ತವೆ. ಆ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ವಾರ ಕಳೆದು ಹಾಳೆ ತೆಗೆದು, ಬಾಗಿಲು ಬಿಚ್ಚಿಟ್ಟ ಮೇಲೆ, ಹಮಾಲರು ಒಳಗೆ ಹೋಗಬಹುದೋ ಇಲ್ಲವೋ ಎಂದು ಒಬ್ಬ ಹೇಳಬೇಕು. ಸಿದ್ದ ಬಾಗಿಲಲ್ಲಿ ನಿಂತು ಮೂಗೆತ್ತಿ, 'ಗಾಳಿ ಹೋತು, ಬರ್ರಿ' ಎಂದರೆ ಮಾತ್ರ ಅವರು ಹೊಸ್ತಿಲು ದಾಟುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಬ್ಬ ಹಮಾಲನಿಗೂ ತಲೆ ಸುತ್ತಿ ಬಂದದ್ದಿಲ್ಲ.

ಮೂಗಿಗೆ ಹೆಸರು ಬಂದದ್ದು ಗೋದಾಮಿನಿಂದಲ್ಲ, ಹಗೇವಿನಿಂದ. ನೆಲದೊಳಗೆ ಬಾವಿಯಂತೆ ತೋಡಿ, ಹೊಟ್ಟು ಹಾಸಿ, ಜೋಳ ತುಂಬಿ, ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತುವ ಹಗೇವುಗಳು ನಮ್ಮ ಕಡೆ ಈಗ ಬೆರಳೆಣಿಕೆಯಷ್ಟು ಉಳಿದಿವೆ. ಪುಷ್ಯ ಮಾಸದ ಬನದ ಹುಣ್ಣಿವೆ ಆದ ಮೇಲೆ, ಹೊಸ ಜೋಳ ಬರುವ ಮುಂಚೆ, ಹಳೆಯದನ್ನು ತೆಗೆಯುತ್ತಾರೆ. ಬಂಡೆ ಸರಿಸಿ, ಪೂಜೆ ಮಾಡಿ, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಾರೆ. ಕಂದೀಲು ಆರಿದರೆ ಒಳಗೆ ಗಾಳಿ ಕೆಟ್ಟಿದೆ, ಉರಿದರೆ ಇಳಿಯಬಹುದು. ಅಜ್ಜಂದಿರ ಕಾಲಕ್ಕೆ ಈ ಲೆಕ್ಕ ಸರಿಯಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮೊಮ್ಮಕ್ಕಳು ಹಗೇವಿಗೂ ಗುಳಿಗೆ ಹಾಕತೊಡಗಿದರು. ಗುಳಿಗೆಯ ಗಾಳಿಯಲ್ಲಿ ಕಂದೀಲು ಚೆನ್ನಾಗಿಯೇ ಉರಿಯುತ್ತದೆ, ಇಳಿದವನು ಮಾತ್ರ ಮೇಲೆ ಬರುವುದಿಲ್ಲ. ಹಾಗಾಗಿ ಕಂದೀಲಿನ ಜೊತೆಗೆ ಸಿದ್ದನೂ ಬೇಕಾದ. ಬೆಳವಣಕಿ, ಇಟಗಿ, ಅತ್ತ ಹೊಳೆಆಲೂರಿನ ತನಕ ಅವನಿಗೆ ಕರೆ ಬರುತ್ತಿತ್ತು. ಹೋದಲ್ಲಿ ಅವನನ್ನು ಕಂಬಳಿ ಹಾಸಿ ಕೂರಿಸುತ್ತಿದ್ದರು. ಹಗೇವಿನ ಜೋಳದ ಮೊದಲ ರೊಟ್ಟಿ ಅವನ ತಾಟಿಗೆ ಬೀಳುತ್ತಿತ್ತು. ಮನೆಯ ಮುದುಕಿಯರು ಎದುರು ಕೂತು, 'ಇನ್ನೊಂದು ಹಾಕ್ಕೋ ತಮ್ಮಾ' ಎನ್ನುತ್ತಿದ್ದರು.

ವರ್ಷದಲ್ಲಿ ಹತ್ತೋ ಹನ್ನೆರಡೋ ಊಟ, ಅಷ್ಟೇ. ಉಳಿದ ದಿನವೆಲ್ಲ ಅವನು ಒಬ್ಬನೇ. ಮದುವೆಯಾಗಿತ್ತು. ಹೆಂಡತಿ ಲಕ್ಷ್ಮೀ ಮೂರು ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಳು, ಮಕ್ಕಳಿಲ್ಲ. ವಿಷ ಮುಟ್ಟುವ ಕೈಯೆಂದು ಚಹಾದಂಗಡಿಯಲ್ಲಿ ಜನ ಅವನಿಂದ ಒಂದು ಮೊಳ ದೂರ ಕೂರುತ್ತಿದ್ದರು. ಯಾರೂ ಬೈದವರಲ್ಲ, ಬರೀ ಸರಿದು ಕೂರುತ್ತಿದ್ದರು. ಅವನೂ ಅದನ್ನು ಕಂಡು ಬೆಂಚಿನ ತುದಿಗೇ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದ.

ಕೊರೊನಾದ ಎರಡನೆಯ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಹತ್ತು ದಿನ ತಗಡಿನ ಕೋಣೆಯಲ್ಲಿ ಮಲಗಿದ್ದ, ಗೋದಾಮಿನ ಟಿಪ್ಪುಸಾಬ ಬಾಗಿಲ ಹೊರಗೆ ಗಂಜಿ ಇಟ್ಟು ಹೋಗುತ್ತಿದ್ದ. ಹನ್ನೊಂದನೆಯ ದಿನ ಎದ್ದು ಬೆಳ್ಳುಳ್ಳಿ ಖಾರ ಕುಟ್ಟಿದನಂತೆ. ವಾಸನೆ ಬರಲಿಲ್ಲ. ಸೀಮೆಎಣ್ಣೆ ಡಬ್ಬಿ ತೆಗೆದು ಮೂಸಿದ, ಬರಲಿಲ್ಲ. ಆಮೇಲೆ ಟ್ರಂಕು ತೆರೆದು ಲಕ್ಷ್ಮೀಯ ಸೀರೆಗೆ ಮುಖ ಒತ್ತಿ ಕೂತನಂತೆ. ಇದನ್ನು ಅವನು ಹೇಳಿದಾಗ, ಇಪ್ಪತ್ತೈದು ವರ್ಷದ ಸೀರೆಯಲ್ಲಿ ನುಸಿಗುಳಿಗೆಯ ವಾಸನೆ ಬಿಟ್ಟರೆ ಏನಿರುತ್ತದೋ ಮಾರಾಯಾ ಎಂದು ನನ್ನ ಬಾಯಿಯವರೆಗೂ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಗೋದಾಮಿನ ಕೆಲಸ ಹೋದೀತು, ಅದಕ್ಕಿಂತ ಹೆಚ್ಚಾಗಿ ಹಗೇವಿನ ಕರೆಗಳು ನಿಂತುಹೋದಾವು ಎಂಬ ಅಂಜಿಕೆ. ಗೋದಾಮಿನಲ್ಲಿ ಒಂದು ದಿನದ ಬದಲು ಮೂರು ದಿನ ಬಾಗಿಲು ತೆರೆದಿಟ್ಟು ಕಾಲ ತಳ್ಳಿದ. ಆ ವರ್ಷ ಹಗೇವಿಗೆ ಕರೆದವರಿಗೆಲ್ಲ ಮೈ ನೆಟ್ಟಗಿಲ್ಲ ಎಂದು ನೆಪ ಹೇಳಿ ಕೋಣೆಯಲ್ಲೇ ಕೂತ.

ಮರುವರ್ಷ ತಾಲೂಕಿನಲ್ಲಿ ಗೋದಾಮಿನವರಿಗೆ ಒಂದು ದಿನದ ತರಬೇತಿ ಇಟ್ಟರು. ವಿಷದ ಗಾಳಿ ಸೋರಿದರೆ ಏನು ಮಾಡಬೇಕು, ಯಾವ ಕಡೆ ಓಡಬೇಕು ಎಂಬ ತಾಲೀಮು. ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಮೇಜಿನ ಮೇಲೆ ಸಣ್ಣ ಸಣ್ಣ ಕಾಗದದ ಪಟ್ಟಿಗಳನ್ನು ಹರಡಿ, ಇದು ಕ್ಲೋರಿನ್ನಿಗೆ, ಇದು ಅಮೋನಿಯಾಕ್ಕೆ, ಇದು ನಿಮ್ಮ ಗುಳಿಗೆಯ ಗಾಳಿಗೆ ಎಂದು ತೋರಿಸಿದರು. ಗಾಳಿ ತಾಗಿದರೆ ಬಣ್ಣ ತಿರುಗುತ್ತದೆ. 'ಮೂಗನ್ನು ನಂಬಬೇಡಿ. ಎಷ್ಟೋ ಸಲ ವಾಸನೆಯೇ ಬರುವುದಿಲ್ಲ, ಬರುವ ಹೊತ್ತಿಗೆ ತಡವಾಗಿರುತ್ತದೆ' ಎಂದರಂತೆ. ಸಭೆಯೆಲ್ಲ ಸಿದ್ದನ ಕಡೆ ತಿರುಗಿ ನಕ್ಕಿತು. ಅವನೂ ನಕ್ಕ. ಗೋದಾಮಿಗೊಂದರಂತೆ ಪಟ್ಟಿಗಳ ಪುಸ್ತಕ ಕೊಟ್ಟರು, ಉಳಿದವರು ಅದನ್ನು ಮೂಲೆಗೆಸೆದರು. ಸಿದ್ದ ಒಂದೊಂದಾಗಿ ಮುಗಿಸಿ, ಖಾಲಿ ರಟ್ಟು ಹಿಡಿದು ನನ್ನ ಮನೆಗೆ ಬಂದ.

'ಮಾಸ್ತರ್ರ, ಇಂಥಾವು ನಿಮಗ ಮಾಡಾಕ ಬರ್ತಾವೇನ್ರಿ?'

ನನಗೆ ಬರುತ್ತಿತ್ತು. ಸೋಸುವ ಕಾಗದವನ್ನು ಸಿಲ್ವರ್ ನೈಟ್ರೇಟ್ ನೀರಿನಲ್ಲಿ ಅದ್ದಿ ಕತ್ತಲೆಯಲ್ಲಿ ಒಣಗಿಸಬೇಕು, ಬೆಳಕು ಬಿದ್ದರೆ ತಾನೇ ಕಪ್ಪಾಗಿ ಕೆಡುತ್ತದೆ. ಗುಳಿಗೆಯ ಗಾಳಿ ತಾಗಿದರೆ ಮೊದಲು ಕಂದು, ಆಮೇಲೆ ಕಪ್ಪು. ಗದಗಿನಿಂದ ಬಾಟಲಿ ತರಿಸಿ, ಬಚ್ಚಲ ಪಕ್ಕದ ಕಟ್ಟಿಗೆ ಕೋಣೆಯ ಬಾಗಿಲು ಮುಚ್ಚಿಕೊಂಡು ಶುರು ಮಾಡಿದೆ. ನನ್ನ ಬೆರಳ ತುದಿಗಳು ಕಪ್ಪಾದವು. ಮನೆಯಾಕೆ ನನಗೊಂದು ಬೇರೆ ತಂಬಿಗೆ ಕೊಟ್ಟಳು.

ಅವನ ಗುಟ್ಟು ನನಗೆ ಗೊತ್ತಾದದ್ದು ಹಾಲಿನಿಂದ. ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಹಾಲಿದೆ, ಸ್ವಲ್ಪ ಲಕ್ಷ್ಯವಿರಲಿ ಎಂದು ಪಡಸಾಲೆಯಲ್ಲಿ ಕೂತ ಸಿದ್ದನಿಗೆ ಹೇಳಿ ಒಳಗೆ ಹೋಗಿದ್ದೆ. ಬಾಗಿಲು ಮುಚ್ಚಿದ ಕಟ್ಟಿಗೆ ಕೋಣೆಯಲ್ಲಿದ್ದ ನನಗೆ ಹಾಲು ಸೀದ ವಾಸನೆ ಬಡಿಯಿತು. ಓಡಿ ಬಂದರೆ ಪಾತ್ರೆ ಕರಕಲಾಗಿತ್ತು. ಅಡುಗೆಮನೆಗೆ ಬೆನ್ನು ಮಾಡಿ ಕೂತಿದ್ದ ಸಿದ್ದ, ಪಟ್ಟಿ ಒಣಗಿದವೇ ಎಂದು ಕೇಳಿದ. ಊರಿಗೇ ಮೂಗಾದ ಮನುಷ್ಯ! ನಾನು ಪಾತ್ರೆ ತಂದು ಅವನ ಮುಂದಿಟ್ಟೆ. ಅವನು ಕರಕಲನ್ನು ಬೆರಳಿನಿಂದ ಮುಟ್ಟಿ ನೋಡಿದ.

'ಯಾರಿಗೂ ಹೇಳಬ್ಯಾಡ್ರಿ ಮಾಸ್ತರ್ರ. ಮೂಗಿಲ್ಲ ಅಂದ್ರ ನನ್ನ ಯಾರು ಕರೀತಾರ್ರಿ?'

ನಾನು ಹೇಳಲಿಲ್ಲ. ಹಗೇವಿನ ಹತ್ತಿರ ಜನರ ಕಣ್ಣು ತಪ್ಪಿಸಲು ಅವನೊಂದು ಉಪಾಯ ಹುಡುಕಿಕೊಂಡಿದ್ದ. ಬೆಳಕು ತಾಗದಂತೆ ಸುತ್ತಿದ ಕಪ್ಪು ಕಾಗದದಿಂದ ಪಟ್ಟಿ ತೆಗೆದು ಹೆಗಲ ಟವೆಲಿನ ಮಡಿಕೆಯೊಳಗೆ ಪಿನ್ನು ಚುಚ್ಚುವುದು, ಟವೆಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುವುದು, ಸ್ವಲ್ಪ ಹೊತ್ತಿನ ಮೇಲೆ ಎಳೆದುಕೊಂಡು ಮುಖದ ಹತ್ತಿರ ತರುವುದು. 'ವಾಸನಿ ಟವೆಲ್ಲಿನಾಗ ಹಿಡಿತಾನ ನೋಡ್ರಿ' ಎಂದು ಜನ ಬೆರಗಾಗುತ್ತಿದ್ದರು. ಅವನು ಕಣ್ಣು ಕಿರಿದಾಗಿಸಿ ಪಟ್ಟಿ ನೋಡಿ ತೀರ್ಪು ಕೊಡುತ್ತಿದ್ದ. ಮೂರು ಹಂಗಾಮು ಹೀಗೆ ನಡೆಯಿತು. ಮೂಗಿನ ಕೀರ್ತಿ ಕಡಿಮೆಯಾಗುವ ಬದಲು ಹೆಚ್ಚೇ ಆಯಿತು.

ಹೋದ ವರ್ಷ ಬನದ ಹುಣ್ಣಿವೆ ಕಳೆದ ವಾರ ಬೆಳವಣಕಿಯ ಗುರುಸಂಗಪ್ಪ ಸಾವ್ಕಾರರು ಹೇಳಿ ಕಳಿಸಿದರು. ಅವತ್ತು ನಡೆದದ್ದನ್ನು ನನಗೆ ಹೇಳಿದವನು ಹಗೇವಿಗೆ ಇಳಿಯಬೇಕಿದ್ದ ಆಳು, ಕಲ್ಲೇಶ.

ಬಂಡೆಯನ್ನು ಹಿಂದಿನ ಸಂಜೆಯೇ ಸರಿಸಿದ್ದರು. ಬೆಳಗ್ಗೆ ಕಂದೀಲು ಇಳಿಬಿಟ್ಟರು, ಚೆನ್ನಾಗಿ ಉರಿಯಿತು. ಸಿದ್ದ ಟವೆಲು ಇಳಿಬಿಟ್ಟು ಎಳೆದುಕೊಂಡ. ನೋಡಿದವನ ಮುಖ ಇಳಿಯಿತು.

'ಇನ್ನಾ ಐತ್ರಿ ಸಾವ್ಕಾರ್ರ. ಇವತ್ತ ಯಾರೂ ಇಳಿಯೂದು ಬ್ಯಾಡ.'

ಜೋಳ ಒಯ್ಯಲು ಟ್ರ್ಯಾಕ್ಟರ್ ಬಂದು ನಿಂತಿತ್ತು. ಗುರುಸಂಗಪ್ಪನವರಿಗೆ ತಡೆಯಲಿಲ್ಲ.

'ಏನ್ ಹಚ್ಚೀಯೋ ಸಿದ್ದಾ? ಕಂದೀಲ ಹ್ಯಾಂಗ ಉರಿಯಾಕತ್ತೇತಿ ನೋಡು.'

'ಇದು ಕಂದೀಲಿಗೆ ತಿಳಿಯಾಂಗಿಲ್ರಿ.'

ಸಾವ್ಕಾರರು ತಾವೇ ಬಗ್ಗಿ ಮೂಸಿದರು. ಬರೀ ಜೋಳದ ವಾಸನೆ ಎಂದರು. ಕಲ್ಲೇಶ ಮೂಸಿದ, ಅವನಿಗೂ ಏನೂ ಬರಲಿಲ್ಲ. ಸೊಸೆ ನಿರ್ಮಲಾ ಸೆರಗು ಹಿಡಿದುಕೊಂಡು ಬಗ್ಗಿದಳು, ಅವಳಿಗೂ ಇಲ್ಲ. ಇಡೀ ರಾತ್ರಿ ತೆರೆದಿಟ್ಟಿದ್ದರಿಂದ ಬಾಯಿಯ ಹತ್ತಿರ ಗಾಳಿ ಚೊಕ್ಕವಾಗಿತ್ತು, ಕೆಟ್ಟದ್ದೆಲ್ಲ ಕೆಳಗೆ ಕೂತಿತ್ತು.

'ನಿನ್ನ ಮೂಗಿಗೆ ವಯಸ್ಸಾತೋ ಸಿದ್ದಾ' ಎಂದು ಸಾವ್ಕಾರರು ನಕ್ಕರು. ನೆರೆದವರೂ ನಕ್ಕರು. ಕಲ್ಲೇಶ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟ.

ಸಿದ್ದ ಹಗ್ಗ ಹಿಡಿದುಕೊಂಡ. ಗಟ್ಟಿಯಾಗಿ ಹಿಡಿದುಕೊಂಡು ಹೇಳಿದ, 'ನನಗ ಮೂಗ ಇಲ್ರಿ.'

'ಏನಂದಿ?'

'ನಾಕ ವರ್ಷ ಆತ್ರಿ, ಜ್ವರದಾಗ ಹೋತು. ಆವತ್ತಿನಿಂದ ಒಂದು ವಾಸನೀನೂ ಹಿಡದಿಲ್ಲ ನಾ. ಈ ಕಾಗದ ಹೇಳಿದ್ದನ್ನ ನಿಮ್ಮ ಮುಂದ ಹೇಳ್ತಿದ್ದೆ.'

ಟವೆಲಿನ ಮಡಿಕೆ ಬಿಚ್ಚಿ ಕಪ್ಪಾದ ಪಟ್ಟಿ ತೋರಿಸಿದ. ಎಲ್ಲಿಯ ಹೊಲಸು ಕಾಗದವಿದು ಎಂದು ಯಾರೋ ಅಂದರು. ಆಗ ಅವನು ಗೋಡೆಯ ನೆರಳಿಗೆ ಎಲ್ಲರನ್ನೂ ಕರೆದು, ಕಪ್ಪು ಹೊದಿಕೆಯಿಂದ ಹೊಸ ಪಟ್ಟಿ ತೆಗೆದು ಬೆಳ್ಳಗಿರುವುದನ್ನು ತೋರಿಸಿದ. ಅದನ್ನು ಟವೆಲಿನಲ್ಲಿ ಮಡಿಚಿ ಕಂದೀಲಿನ ಹಗ್ಗಕ್ಕೇ ಕಟ್ಟಿ ಇಳಿಸಿದ. ಮೇಲೆ ಎಳೆದಾಗ ಕಂದೀಲು ಉರಿಯುತ್ತಲೇ ಇತ್ತು, ಕಾಗದ ಕಾದ ಹಂಚಿನಂತೆ ಕಪ್ಪಾಗಿತ್ತು.

'ಮಾವಾರ, ಹುಳ ಕಂಡಾವಂತ ಹೋದ ವಾರ ಮತ್ತ ಗುಳಿಗಿ ಹಾಕ್ಸಿದ್ರಲ್ರಿ' ಎಂದು ನಿರ್ಮಲಾ ಮೆಲ್ಲಗೆ ಅಂದಳು. ಸಾವ್ಕಾರರಿಗೆ ಅದು ಮರೆತೇ ಹೋಗಿತ್ತು. ಕಲ್ಲೇಶ ಸೊಂಟದ ಹಗ್ಗ ಬಿಚ್ಚಿ ಎಸೆದು ಹಗೇವಿನಿಂದ ದೂರ ಹೋಗಿ ಕೂತನಂತೆ.

ಒಂದು ಜೀವ ಉಳಿಸಿದವನಿಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದರೋ? ಗುರುಸಂಗಪ್ಪನವರು, 'ಹಂಗಾರ ಇಷ್ಟ ದಿವಸ ನಮಗ ಸುಳ್ಳ ಹೇಳಿದಿ' ಎಂದರು. ಹಗೇವು ತೆಗೆಯಲಿಲ್ಲ, ಆದ್ದರಿಂದ ರೊಟ್ಟಿಯೂ ಇಲ್ಲ. ಸಿದ್ದ ಹಸಿದುಕೊಂಡೇ ಮಧ್ಯಾಹ್ನದ ಬಸ್ಸಿಗೆ ರೋಣಕ್ಕೆ ಬಂದು, ನೆಟ್ಟಗೆ ನನ್ನ ಮನೆಗೆ ಬಂದ.

'ಹೇಳಿಬಿಟ್ಟೆ ಮಾಸ್ತರ್ರ' ಎಂದ. ಊಟಕ್ಕೆ ಏಳು ಎಂದರೆ ಏಳಲಿಲ್ಲ.

ಗೋದಾಮಿನ ಕೆಲಸ ಉಳಿಯಿತು, ಕಾಗದ ಇದ್ದರೆ ಸಾಕು ಎಂದರು ಮಾಲೀಕರು. ಹೋದದ್ದು ಹಗೇವಿನ ಕರೆಗಳು. ವಾರ ಕಳೆದು ಗುರುಸಂಗಪ್ಪನವರು ನನ್ನ ಬಾಗಿಲಿಗೆ ಬಂದರು. ಸಿದ್ದನ ಕೋಣೆಗಲ್ಲ, ನನ್ನ ಬಾಗಿಲಿಗೆ. 'ಮಾಸ್ತರ್ರ, ನಾಕ ಪಟ್ಟಿ ಕೊಡ್ರಿ, ನಾವ ನೋಡ್ಕೋತೀವಿ.' ಆಮೇಲೆ ಉಳಿದ ಊರಿನವರೂ ಬಂದರು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ಮೂವತ್ತೊಂದು ವರ್ಷ ಬಾಟಲಿ ತೊಳೆದವನ ಬಾಗಿಲಿಗೆ ಸಾವ್ಕಾರರು ಬಂದು ನಿಂತಿದ್ದರು. ಕೇಳಿದವರಿಗೆಲ್ಲ ಕತ್ತರಿಸಿ, ಕಪ್ಪು ಕಾಗದದಲ್ಲಿ ಸುತ್ತಿ ಕೊಟ್ಟೆ, ಮೂಢನಂಬಿಕೆ ಹೋಗಿ ವಿಜ್ಞಾನ ಬಂತೆಂದು ಮನೆಯಾಕೆಯ ಮುಂದೆ ಭಾಷಣವನ್ನೂ ಮಾಡಿದೆ. ಸಿದ್ದನ ನೆನಪು ಆಗಲಿಲ್ಲ ಅಂತಲ್ಲ. ಆಗಿತ್ತು, ನಾಳೆ ಹೋದರಾಯಿತೆಂದು ಸುಮ್ಮನಿದ್ದೆ.

ಈ ವರ್ಷ ಮತ್ತೆ ಬನದ ಹುಣ್ಣಿವೆ ಬಂತು. ಒಂದು ಭಾನುವಾರ ಬೆಳಗ್ಗೆ, ಗೋದಾಮಿನ ಕಡೆ ಬೇರೆ ಕೆಲಸಕ್ಕೆ ಹೋದವನು ಅವನ ಕೋಣೆಗೆ ಇಣುಕಿದೆ. ಸಿದ್ದ ಹಗ್ಗದ ಹೊರಸಿನ ಮೇಲೆ ಕೂತಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಇಸ್ತ್ರಿ ಮಾಡಿದ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಒಗೆದ ಟವೆಲು. ಮೊಬೈಲು ತೊಡೆಯ ಮೇಲಿತ್ತು.

'ಎಲ್ಲಿಗೋ ಹೊಂಟಿಯೇನು?' ಎಂದೆ.

'ಇಲ್ರಿ. ಹಗೇವು ತಗಿಯೂ ದಿವಸ ಅಲ್ರಿ ಇವು. ಯಾರರೆ ಕರದ್ರ ಅಂತ.'

ಹೊರಗೆ ಬಂದು ಟಿಪ್ಪುಸಾಬನನ್ನು ಕೇಳಿದೆ. 'ಹೋದ ವರ್ಷ ಪೂರಾ ಹಂಗಾಮ ಹಿಂಗ ಕುಂತಿದ್ರಿ. ಈ ವರ್ಷಾನೂ ಮುಂಜಾನೆದ್ದು ಕೂಡ್ತಾನ್ರಿ. ಮಧ್ಯಾಹ್ನ ಅರಿವಿ ತಗದು ಮಡಚಿ ಇಡ್ತಾನ' ಎಂದ. ಮನೆಗೆ ಬರುವ ದಾರಿಯಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅವನ ಮೂಗನ್ನು ಜ್ವರ ಕಿತ್ತುಕೊಂಡಿತ್ತು. ಅವನ ರೊಟ್ಟಿಯನ್ನು ಕಿತ್ತುಕೊಂಡವನು ನಾನು.

ಅದೇ ವಾರ ಇಟಗಿಯ ಹಾಲೇಶ ಬೆಂಕಿಯಾಗಿ ಬಂದ. ನನ್ನಿಂದ ಒಯ್ದ ಪಟ್ಟಿ ಹಗೇವಿನ ಬಾಯಿಗೆ ತರುವ ಮೊದಲೇ ಕಪ್ಪಾಯಿತಂತೆ. ಗಾಳಿ ಊರಿಗೆಲ್ಲ ಹಬ್ಬಿದೆ ಎಂದು ಮನೆಮಂದಿ, ದನ, ಹಾಸಿಗೆ ಎಲ್ಲ ಕಟ್ಟಿಕೊಂಡು ಮೂರು ದಿನ ಗುಡಿಯ ಅಂಗಳದಲ್ಲಿ ಇದ್ದು ಬಂದರಂತೆ. 'ಎಂಥಾ ಕಾಗದ ಕೊಟ್ಟೀರಿ ಮಾಸ್ತರ್ರ! ಊರ ಮಂದಿ ನಗಾಕತ್ತಾರ.'

ಬಿಸಿಲಿನಲ್ಲಿ ಬಿಚ್ಚಿ ಹಿಡಿದಿದ್ದ, ಅಷ್ಟೇ. 'ಬೆಳಕಿಗೆ ಹಿಡಿಯಬ್ಯಾಡ್ರಿ' ಎಂದು ಈಗಲಾದರೂ ಒಂದು ಮಾತು ಹೇಳಿದ್ದರೆ ಅವನು ಹೊಸ ಪಟ್ಟಿ ಇಸಿದುಕೊಂಡು ಹೋಗುತ್ತಿದ್ದ. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಸಿನ ಮೇಲೆ ಕೂತ ಬಿಳಿ ಅಂಗಿ ಕಣ್ಣ ಮುಂದೆ ಬಂತು.

'ಕಾಗದದ್ದೇನೂ ತಪ್ಪಿಲ್ಲ ಹಾಲೇಶ' ಎಂದೆ. 'ಆ ಕಾಗದಕ್ಕ ಕೈಗುಣ ಬೇಕು. ಅಮೋಘಸಿದ್ದನ ಕೈಯಾಗ ಮಾತ್ರ ಅದು ಖರೇ ಹೇಳ್ತೈತಿ. ಉಳದವರು ಹಿಡದ್ರ ಹಿಂಗ.'

'ಕೈಗುಣ? ನೀವ ಅಂತೀರೇನ್ರಿ ಮಾಸ್ತರ್ರ?'

'ನಾನ ಅಂತೀನಿ.'

ಬೇರೆ ಯಾರು ಹೇಳಿದ್ದರೂ ಅವನು ಅರ್ಧ ನಂಬುತ್ತಿದ್ದನೇನೋ. ನಿಂಬೆಹಣ್ಣು ಕಂಡರೆ ಕೆರಳುವ ಮಾಸ್ತರನೇ ಹೇಳಿದ ಮೇಲೆ ಇನ್ನೇನಿದೆ. ಎರಡೇ ದಿನದಲ್ಲಿ ಮಾತು ಬೆಳವಣಕಿ ಮುಟ್ಟಿತು. ಪಟ್ಟಿ ಕೇಳಲು ಬಂದವರನ್ನೆಲ್ಲ ನಾನು ಗೋದಾಮಿನ ದಾರಿ ತೋರಿಸಿ ಕಳಿಸಿದೆ. ತಿಳಿದವನ ಕೈಯಲ್ಲಿ ಇರುವುದೇ ಕ್ಷೇಮ ಎಂದು ನಾನು ಸಮಜಾಯಿಷಿ ಕೊಡಬಹುದು, ಅದೂ ಖರೆಯೇ. ಆದರೆ ನಾನು ಸುಳ್ಳು ಹೇಳಿದ್ದು ಅದಕ್ಕಲ್ಲ.

ಮೊದಲ ಕರೆ ಇಟಗಿಯಿಂದಲೇ ಬಂತು. ಸಂಜೆ ಸಿದ್ದ ನಮ್ಮ ಮನೆಗೆ ಬಂದ, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ನನ್ನ ಮುಂದಿಟ್ಟ. ಹಗೇವಿನ ಜೋಳದ್ದು. ನಾನೊಂದು ಚೂರು ಮುರಿದೆ. ಹಗೇವಿನ ರೊಟ್ಟಿಗೆ ಬೇರೆಯೇ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಮಣ್ಣು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

'ವಾಸನಿ ಬಂತೇನ್ರಿ?'

'ಬಂತು. ಚಲೋ ಐತಿ.'

ಅವನು ತಲೆಯಾಡಿಸಿದ. ಆಮೇಲೆ ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಮೇಲ್ಮುಖ ಮಾಡಿ ಇಟ್ಟುಕೊಂಡು ನೋಡಿದ. ಪಟ್ಟಿ ಮುಟ್ಟಿ ಮುಟ್ಟಿ ಅವನ ಬೆರಳ ತುದಿಗಳೂ ನನ್ನವುಗಳಂತೆಯೇ ಕಪ್ಪಾಗಿದ್ದವು.

'ಮಾಸ್ತರ್ರ, ನನ್ನ ಕೈಗುಣ ಚಲೋ ಐತಂತ. ಅಲ್ಲೆ ಎಲ್ಲಾರೂ ಅನ್ನಾಕತ್ತಾರ. ಒಬ್ಬಾಕಿ ಅಜ್ಜಿ ನನ್ನ ಕೈ ಹಿಡಕೊಂಡು ಕಣ್ಣಿಗೊತ್ತಿಕೊಂಡ್ಳು.' ನನ್ನ ಕಡೆ ತಿರುಗಿ ಕೇಳಿದ, 'ಖರೇನ ಹಂಗ ಇರ್ತೈತೇನ್ರಿ? ನೀವು ಸುಳ್ಳ ಹೇಳಾಂಗಿಲ್ಲ, ಅದಕ್ಕ ಕೇಳ್ತೀನಿ.'

ಇಪ್ಪತ್ತು ವರ್ಷದಿಂದ ಅವನ ಕೈಯನ್ನು ಯಾರೂ ಮುಟ್ಟಿರಲಿಲ್ಲ.

'ಇರ್ತೈತಿ' ಎಂದೆ. 'ನಿನ್ನ ಕೈಯಾಗ ಐತಿ.'

ಅವನು ಮತ್ತೊಂದು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟ, ಅರ್ಧ ತಾನು ತಿಂದ.